ಏಪ್ರಿಲ್ 1ರಿಂದ ನಮ್ಮ ಬಿಲ್ಲಿಂಗ್ ಎಪಿಐನಲ್ಲಿ ಏನು ಬದಲಾಗುತ್ತದೆ

ನಮಸ್ಕಾರ,

ಬಿಲ್ಲನ್ನು ನೀವೇ ಕೂತು ಹಾಕುವವರಾದರೆ ಈ ಒಂದು ಪ್ಯಾರಾ ಓದಿದರೆ ಸಾಕು. ಸ್ಕ್ರೀನ್ ಹಾಗೇ ಇರುತ್ತದೆ, ದರವೂ ಅದೇ, ಹಳೆಯ ಬಿಲ್ಲುಗಳಿಗೆ ಏನೂ ಆಗುವುದಿಲ್ಲ.

ಕ್ಲಾಡ್, ಚಾಟ್‌ಜಿಪಿಟಿ ಥರದ ಎಐ ಏಜೆಂಟನ್ನು ನಮ್ಮ ಸಾಫ್ಟ್‌ವೇರಿಗೆ ಜೋಡಿಸಿಕೊಂಡವರು ದಯವಿಟ್ಟು ಪೂರ್ತಿ ಓದಿ. ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಗಳಲ್ಲಿ, ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಅಂಥವರು ಈಗ ಜಾಸ್ತಿ. "ಯಾವ ಪಾರ್ಟಿ ಎಷ್ಟು ಬಾಕಿ, ಪಟ್ಟಿ ಕೊಡು" ಅಂತ ಕನ್ನಡದಲ್ಲೇ ಟೈಪ್ ಮಾಡಿ ಕೆಲಸ ಮುಗಿಸುತ್ತಾರೆ.

ಎಪಿಐ ಅಂದರೆ ಬೇರೆ ಪ್ರೋಗ್ರಾಂಗಳು ನಮ್ಮ ಸಾಫ್ಟ್‌ವೇರಿನ ಜೊತೆ ಮಾತಾಡುವ ದಾರಿ. ಇದುವರೆಗೆ ಅದರ ಕೈಪಿಡಿ ಓದುತ್ತಿದ್ದವರು ಪ್ರೋಗ್ರಾಮರ್‌ಗಳು. ಎಲ್ಲಾದರೂ ಅರ್ಥವಾಗದಿದ್ದರೆ ಬಸವನಗುಡಿ ಆಫೀಸಿಗೆ ಫೋನ್ ಮಾಡುತ್ತಿದ್ದರು, ನಾವು ಬಾಯಲ್ಲಿ ಹೇಳುತ್ತಿದ್ದೆವು. ಏಜೆಂಟ್ ಫೋನ್ ಮಾಡುವುದಿಲ್ಲ. ಬರೆದದ್ದನ್ನು ಓದುತ್ತದೆ, ಬರೆಯದೆ ಬಿಟ್ಟದ್ದನ್ನು ಊಹಿಸುತ್ತದೆ, ಊಹೆಯೇ ಸರಿ ಅನ್ನುವ ಹಾಗೆ ಮುಂದೆ ಹೋಗುತ್ತದೆ. ಅದಕ್ಕೇ ಫೋನಿನಲ್ಲಿ ಹೇಳುತ್ತಿದ್ದುದನ್ನೆಲ್ಲ ಈಗ ಬರೆದಿಟ್ಟಿದ್ದೇವೆ.

ಬರೆಯುವ ಜಾಗ ಎಂಸಿಪಿ, ಅಂದರೆ ಎಐ ಏಜೆಂಟನ್ನು ಬೇರೆ ಸಾಫ್ಟ್‌ವೇರಿಗೆ ಜೋಡಿಸುವ ಪದ್ಧತಿ. ಕ್ಲಾಡ್ ಮಾಡಿದ ಆಂಥ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಪದ್ಧತಿ ಇದು, ಆಮೇಲೆ ಓಪನ್‌ಎಐ, ಗೂಗಲ್ ಕೂಡ ಒಪ್ಪಿಕೊಂಡವು. ಏಜೆಂಟ್ ಕರೆಯಬಹುದಾದ ಒಂದೊಂದು ಕೆಲಸವೂ ಒಂದು ಟೂಲ್. ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಯಾವ ಮಾಹಿತಿ ಯಾವ ರೂಪದಲ್ಲಿ ಬೇಕು ಅನ್ನುವ ಸ್ಕೀಮಾ. ಟೂಲ್ ಆರಿಸುವಾಗ ಏಜೆಂಟಿನ ಮುಂದೆ ಇರುವುದು ಇಷ್ಟೇ.

ಬಿಲ್ ರದ್ದು ಮಾಡುವ ಟೂಲನ್ನೇ ನೋಡಿ. ಅದರ ವಿವರಣೆ "ಬಿಲ್ ರದ್ದು ಮಾಡುತ್ತದೆ" ಅಂತ ಇತ್ತು. ನಿಮಗೆ, ನಿಮ್ಮ ಆಡಿಟರಿಗೆ ಅಷ್ಟು ಸಾಕು. ಏಜೆಂಟಿಗೆ ಸಾಲದು, ಪಾರ್ಟಿ ಮಾಲು ವಾಪಸ್ ಕಳಿಸಿದರೂ ಅದು ಇದೇ ಟೂಲಿಗೆ ಕೈ ಹಾಕುತ್ತದೆ. ಈಗ ಹೀಗಿದೆ: "ತಪ್ಪಾಗಿ ಹಾಕಿದ, ಮಾಲು ಇನ್ನೂ ಹೊರಡದ ಬಿಲ್ಲನ್ನು ಪೂರ್ತಿ ರದ್ದು ಮಾಡಲು ಮಾತ್ರ. ಇ-ಇನ್‌ವಾಯ್ಸ್ ಆಗಿದ್ದರೆ ಐಆರ್‌ಎನ್ (ಇ-ಇನ್‌ವಾಯ್ಸ್ ನೋಂದಣಿ ನಂಬರ್) ಬಂದ 24 ಗಂಟೆಯೊಳಗೆ ಆಗಬೇಕು. ಮಾಲು ವಾಪಸ್ ಬಂದಿದ್ದರೆ, ದರ ಇಳಿಸಬೇಕಿದ್ದರೆ ಇದನ್ನು ಬಳಸಬೇಡ, ಕ್ರೆಡಿಟ್ ನೋಟ್ ಟೂಲ್ ಬಳಸು. ರದ್ದಾದ ಬಿಲ್ ಮತ್ತೆ ಬರುವುದಿಲ್ಲ, ಮೊದಲು ಬಳಕೆದಾರರನ್ನು ಕೇಳು." ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ನೀವು ಹೇಳುವುದೂ ಇದನ್ನೇ, ಅಲ್ವಾ?

ಯಾವಾಗ ಬಳಸಬಾರದು ಅನ್ನುವ ಸಾಲು ಬರೆಯುವುದೇ ಕಷ್ಟದ ಕೆಲಸ. ಉಳಿದದ್ದು ಸುಲಭ.

ತಾರೀಖು ಇನ್ನು ವರ್ಷ-ತಿಂಗಳು-ದಿನ. 04-05-2025 ಅಂದರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5, ಹಾಗಾಗಿ 2025-05-04 ಅಂತ ಬಂದರೆ ಮಾತ್ರ ತೆಗೆದುಕೊಳ್ಳುತ್ತೇವೆ. ಮೊತ್ತ ಪೈಸೆಯಲ್ಲಿ, ಕಾಮಾ ಚುಕ್ಕಿ ಏನೂ ಇಲ್ಲದೆ: 1,250.50 ರೂಪಾಯಿ ಅಂದರೆ 125050. ಆ ಫೀಲ್ಡಿನ ಹೆಸರಿನಲ್ಲೇ "ಪೈಸೆ" ಸೇರಿಸಿದ್ದೇವೆ, ರೂಪಾಯಿ ಕಳಿಸುವ ಹಳೆಯ ಫೀಲ್ಡಿನ ಜೊತೆ ಬೆರೆತುಹೋಗಬಾರದಲ್ಲ.

ಎರರ್ ಮೆಸೇಜುಗಳೂ ಬದಲಾಗಿವೆ. ಮುಂಚೆ ಸುಮ್ನೆ "ಇನ್‌ವ್ಯಾಲಿಡ್ ಇನ್‌ಪುಟ್" ಅಂತ ಬರುತ್ತಿತ್ತು. ಈಗ "ಜಿಎಸ್‌ಟಿಐಎನ್ 15 ಅಕ್ಷರ ಇರಬೇಕು, ಬಂದಿರುವುದು 14. ಪಾರ್ಟಿಯಿಂದ ಪೂರ್ತಿ ನಂಬರ್ ಪಡೆ, ನೀನೇ ತುಂಬಬೇಡ" ಅಂತ ಬರುತ್ತದೆ. ಕೊನೆಯ ಮಾತು ಯಾಕೆ ಬೇಕು ಅಂದರೆ, ಆ ಜಿಎಸ್‌ಟಿ ನೋಂದಣಿ ನಂಬರಿನ ಕೊನೆಯ ಅಕ್ಷರ ಮೊದಲ 14ರಿಂದ ಲೆಕ್ಕ ಹಾಕಿ ಬರುವ ಚೆಕ್ ಅಕ್ಷರ, ಅದನ್ನು ಏಜೆಂಟ್ ತಾನೇ ಹುಟ್ಟಿಸಿಕೊಂಡರೆ ನಂಬರ್ ನೋಡೋಕೆ ಸರಿಯಾಗಿ ಕಂಡರೂ ಅದು ನಿಮ್ಮ ಪಾರ್ಟಿಯದ್ದು ಅನ್ನುವ ಖಾತ್ರಿ ಇರುವುದಿಲ್ಲ.

ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತಿದ್ದ ಟೂಲುಗಳನ್ನು ಸೇರಿಸಿ ಒಂದೊಂದು ಮಾಡಿದ್ದೇವೆ. ಹೆಸರು ಹತ್ತಿರ ಹತ್ತಿರ ಇದ್ದರೆ ಏಜೆಂಟ್ ತಡವರಿಸುತ್ತದೆ, ಜೊತೆಗೆ ಪ್ರತಿ ವಿವರಣೆಯೂ ಟೋಕನ್ (ಎಐ ಬಳಕೆಯನ್ನು ಅಳೆಯುವ ಪಠ್ಯದ ತುಣುಕು) ತಿನ್ನುತ್ತದೆ, ಆ ಖರ್ಚು ನಿಮ್ಮದೇ.

ಏಜೆಂಟ್ ನಮ್ಮ ಸಾಫ್ಟ್‌ವೇರಿನೊಳಗೆ ಬರಲು ಬಳಸುವ ಕೀ ಇನ್ನು ಎರಡು ಥರ: ನೋಡಲು ಮಾತ್ರ ಒಂದು, ಬರೆಯಲು ಒಂದು. ಎಂಸಿಪಿಯಲ್ಲಿ "ಇದು ಓದಲು ಮಾತ್ರ" ಅಂತ ಟೂಲಿಗೆ ಗುರುತು ಹಾಕಬಹುದು, ಆದರೆ ಅದು ಬರೀ ಸೂಚನೆ, ಬೀಗ ಅಲ್ಲ. ಹಾಗಾಗಿ ತಡೆಯುವ ಕೆಲಸವನ್ನು ನಮ್ಮ ಸರ್ವರಿನಲ್ಲೇ ಇಟ್ಟಿದ್ದೇವೆ. ಬಾಕಿ ಪಟ್ಟಿ, ಸ್ಟಾಕ್ ಇಷ್ಟೇ ಕೇಳುವವರು ದಯವಿಟ್ಟು ನೋಡುವ ಕೀ ಮಾತ್ರ ಕೊಡಿ.

ನೀವು ಮಾಡಬೇಕಾದದ್ದು: ಏಪ್ರಿಲ್ 1ರೊಳಗೆ ಸೆಟ್ಟಿಂಗ್ಸಿನಲ್ಲಿ ಹೊಸ ಕೀ ತೆಗೆದುಕೊಂಡು ಏಜೆಂಟಿಗೆ ಹಾಕಿ. ಹಳೆಯ ಟೂಲುಗಳ ಹೆಸರು, ಹಳೆಯ ಫೀಲ್ಡುಗಳು ಸೆಪ್ಟೆಂಬರ್ 30ರವರೆಗೆ ನಡೆಯುತ್ತವೆ. ನಿಮ್ಮ ಹುಡುಗರು ಪ್ರಾಂಪ್ಟಿನಲ್ಲಿ ಹಳೆಯ ಹೆಸರು ಬರೆದಿಟ್ಟಿದ್ದರೆ ಅಷ್ಟರೊಳಗೆ ಬದಲಾಯಿಸಲು ಹೇಳಿ. ಏಜೆಂಟ್ ಎಲ್ಲಾದರೂ ತಪ್ಪು ಟೂಲ್ ಹಿಡಿದರೆ, ನೀವು ಟೈಪ್ ಮಾಡಿದ ಸಾಲನ್ನೂ ಅದು ಕರೆದ ಟೂಲಿನ ಹೆಸರನ್ನೂ ಕಾಪಿ ಮಾಡಿ ಸಪೋರ್ಟಿಗೆ ಕಳಿಸಿ. ಪಾರ್ಟಿ ಹೆಸರು, ಮೊತ್ತ ಅಳಿಸಿಯೇ ಕಳಿಸಿ, ವಿವರಣೆ ತಿದ್ದಲು ನಮಗೆ ಅವು ಬೇಕಾಗಿಲ್ಲ.

ಇಂತಿ,
ನಿಮ್ಮ ಬಿಲ್ಲಿಂಗ್ ತಂಡ
ಬಸವನಗುಡಿ, ಬೆಂಗಳೂರು