ಮೈಬಣ್ಣದ ಪಾಠ ಶಾಲೆಯಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳನ್ನು ಕಂಡ ಕೂಡಲೇ ‘ನೀವು ಯಾವ ದೇಶದವರು?’ ಎಂದು ಕೇಳುವ ಚಾಳಿ ಇನ್ನೂ ನಿಂತಿಲ್ಲ. ಅವರ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿವೆ. ಹಲವರ ಮನೆಮಾತು ಕೊಂಕಣಿ, ಪೇಟೆಗೆ ಬಂದರೆ ಕನ್ನಡ. ಗುಂಗುರು ಕೂದಲು ನೋಡಿ ಹೊರಗಿನವರು ಅಂದುಬಿಡುವುದು ಸರಿಯಲ್ಲ.

ಮೈಬಣ್ಣಕ್ಕೆ ಕಾರಣ ಬಿಸಿಲು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಅತಿನೇರಳೆ ಕಿರಣ ಜಾಸ್ತಿ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅದನ್ನು ತಡೆದು ದೇಹದ ಫೋಲೇಟ್ ಎಂಬ ವಿಟಮಿನ್ ಕಾಪಾಡುತ್ತದೆ. ಬಸುರಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಬೇಕೇ ಬೇಕು. ಬಿಸಿಲು ಕಡಿಮೆಯಿರುವ ಉತ್ತರ ಯುರೋಪಿನಲ್ಲಿ ವಿಟಮಿನ್ ಡಿ ತಯಾರಾಗಲು ತಿಳಿಬಣ್ಣದ ಚರ್ಮ ಅನುಕೂಲ. ಸಾವಿರಾರು ವರ್ಷಗಳಲ್ಲಿ ಆದ ಹೊಂದಾಣಿಕೆ ಇದು. ಇದರಲ್ಲಿ ಮೇಲು–ಕೀಳು ಎಲ್ಲಿಂದ ಬಂತು? ಮನುಷ್ಯರ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೇ ಜನಸಮುದಾಯದ ಒಳಗೇ ಇದೆ, ಸಮುದಾಯಗಳ ನಡುವೆ ಇರುವುದು ಸ್ವಲ್ಪವೇ ಎಂದು ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲೇ ತೋರಿಸಿದ್ದರು. ಬೆಳ್ಳಗಾಗುವ ಕ್ರೀಮ್ ಮಾರುವವರಿಗೆ ಇದು ಬೇಡದ ಸುದ್ದಿ, ಅಲ್ವಾ?

ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೈಬಣ್ಣದ ಬಗ್ಗೆ ಎರಡು ಪುಟವಾದರೂ ಇರಲಿ. ಸಮಾಜ ವಿಜ್ಞಾನದಲ್ಲಿ ಸಿದ್ದಿಗಳ ಚರಿತ್ರೆಯನ್ನೂ ಸೇರಿಸಲಿ.

– ಓದುಗ, ಶಿರಸಿ