ಎ ಸೈಡಿನ ಕೊನೆಯ ಹತ್ತು ನಿಮಿಷ

ಶಿವಮೊಗ್ಗ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೆಗಡಿ ಅಂದೆ. ನಿನ್ನ ನೆಗಡಿ ನನಗೆ ಗೊತ್ತಿಲ್ವಾ? ಅಮ್ಮ ಪಕ್ಕದಲ್ಲೇ ಇದ್ದಳು ಅಂತ ನಾನೂ ಬರೀ ಹೂಂ ಹೂಂ ಅಂದು ಇಟ್ಟೆ. ಈಗ ಅವಳು ಮಲಗಿದ್ದಾಳೆ, ಬರೆಯುತ್ತಿದ್ದೇನೆ.

ನೀನು ಕಳಿಸಿದ ನಿಮ್ಮ ಬ್ಯಾಂಡಿನ ಆರೂ ಹಾಡು ಕೇಳಿದೆ. ಸ್ಟುಡಿಯೋದವರು ಮೂರು ದಿನದ ದುಡ್ಡು ತಗೊಂಡು ತಗಡಿನ ಡಬ್ಬದೊಳಗೆ ಕೂರಿಸಿ ನುಡಿಸಿದ ಹಾಗೆ ಮಾಡಿಕೊಟ್ಟಿದ್ದಾರೆ, ಅದು ನಿಜ. ನಿನ್ನ ಬೇಸ್ ಗಿಟಾರು ಎಲ್ಲಿದೆ ಅಂತ ಹುಡುಕಬೇಕು. ಆದರೆ ನೀನು ಅತ್ತಿದ್ದು ಅದಕ್ಕಲ್ಲ. ನಿಮ್ಮ ಗಿಟಾರಿನವನಿಗೆ ಏಳೆಂಟು ನಿಮಿಷದ ಹೆವಿ ಮೆಟಲ್ ಬೇಕು, ಹಾಡುವ ಹುಡುಗಿ ಗಿಡ್ಡ, ಒರಟು ಪಂಕ್ ಹಾಡಿನ ಥರ ಕಿರುಚುತ್ತಾಳೆ, ಅವಳನ್ನು ಬಿಟ್ಟು ಬೇರೆಯವರನ್ನು ಹುಡುಕಿ ಮತ್ತೆ ರೆಕಾರ್ಡ್ ಮಾಡೋಣ ಅಂತ ಉಳಿದವರು ಹೇಳುತ್ತಿದ್ದಾರೆ. ನೀನು ನಡುವೆ ಸಿಕ್ಕಿಕೊಂಡಿದ್ದೀಯ. ಅಲ್ವಾ?

ನಮ್ಮ ದುರ್ಗಿಗುಡಿ ಕ್ಯಾಸೆಟ್ ಅಂಗಡಿ ನಿನಗೆ ನೆನಪಿರಲಿಕ್ಕಿಲ್ಲ. ನೀನು ನಡೆಯಲು ಕಲಿಯುವ ಹೊತ್ತಿಗೆ ಮುಚ್ಚಿದ್ದೆ. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಂಡು ಬರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಕಾನೂನಿನ ಪ್ರಕಾರ ತಪ್ಪೇ. ಆಗ ಊರಿಗೆ ಊರೇ ಹಾಗಿತ್ತು. 1989ರಲ್ಲಿ ಇಂಜಿನಿಯರಿಂಗ್ ಹಾಸ್ಟೆಲಿನ ಹುಡುಗನೊಬ್ಬ ಒಂದು ಎಲ್‌ಪಿ ತಂದ. ಅವನ ಚಿಕ್ಕಪ್ಪ ಹೊರದೇಶದಿಂದ ತಂದುಕೊಟ್ಟಿದ್ದಂತೆ. ಕವರಿನ ಮೇಲೆ ಬೀದಿ ದೀಪ, ಕತ್ತಲು, ಚರ್ಮ ಒಣಗಿ ಮೂಳೆಗೆ ಅಂಟಿಕೊಂಡ ಒಂದು ಮುಖ. ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಮೊದಲ ಆಲ್ಬಮ್ಮು, 1980ರ ಏಪ್ರಿಲಿನಲ್ಲಿ ಬಂದದ್ದು. ಮೊದಲ ಹಾಡು ‘ಪ್ರೌಲರ್’ ಶುರುವಾದಾಗ ಸ್ಪೀಡು ತಪ್ಪಿದೆಯೇನೋ ಅಂತ ಬಗ್ಗಿ ನೋಡಿದೆ. ಸರಿಯಾಗಿ ನಿಮಿಷಕ್ಕೆ 33 ಸುತ್ತಿನಲ್ಲೇ ತಿರುಗುತ್ತಿತ್ತು. ಅವನಿಗೊಂದು ಮಾಡಿಕೊಟ್ಟೆ, ನನಗೊಂದು ಇಟ್ಟುಕೊಂಡೆ. ಇನ್‌ಲೇ ಕಾರ್ಡಿನ ಮೇಲೆ ‘ಕಬ್ಬಿಣದ ಕನ್ಯೆ’ ಅಂತ ಬರೆದೆ. ಗಿರಾಕಿಯೊಬ್ಬರು ಅದನ್ನು ನೋಡಿ ನಾಟಕವಾ ಅಂತ ಕೇಳಿದ್ದರು.

ಆ ಕವರಿನ ಕತೆ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಡೆರೆಕ್ ರಿಗ್ಸ್ ಅನ್ನುವ ಕಲಾವಿದ ಅದನ್ನು ಬರೆದದ್ದು ಈ ಬ್ಯಾಂಡಿಗಲ್ಲ. ಅವನ ಮನಸ್ಸಿನಲ್ಲಿ ಇದ್ದದ್ದು ಪಂಕ್ ಹುಡುಗ, ತಲೆಯಲ್ಲಿ ಗಿಡ್ಡ ಕೂದಲು. ಬ್ಯಾಂಡಿನವರು ನೋಡಿ ಇಷ್ಟಪಟ್ಟರು, ಆದರೆ ಇದು ಪಂಕ್ ಆಯಿತಲ್ಲ, ಒಂದಿಷ್ಟು ಕೂದಲು ಸೇರಿಸಿ ಅಂದರು. ರಿಗ್ಸ್ ಉದ್ದ ಮಾಡಿಕೊಟ್ಟ. ಎಡ್ಡಿ ಅಂತ ಲೋಕವೆಲ್ಲ ಟೀ ಶರ್ಟಿನ ಮೇಲೆ ಹಾಕಿಕೊಂಡು ತಿರುಗುವ ಆ ಮುಖ ಇದೆಯಲ್ಲ, ಒಳಗೆ ಪಂಕು, ಮೇಲೆ ಮೆಟಲ್ಲಿನ ಕೂದಲು. ಒಳಗಿನ ಹಾಡುಗಳೂ ಹಾಗೇ ಅಂತ ನನಗೆ ಅನಿಸುತ್ತದೆ.

ಸ್ಟೀವ್ ಹ್ಯಾರಿಸ್ ಈ ಮಾತು ಕೇಳಿದರೆ ಕೆರಳುತ್ತಾನೆ. ಬ್ಯಾಂಡ್ ಕಟ್ಟಿದವನು ಅವನೇ, ನಿನ್ನ ಹಾಗೆ ಬೇಸ್ ನುಡಿಸುವವನು. ಪೂರ್ವ ಲಂಡನ್ನಿನ ಹುಡುಗ, ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಅವನಿಗೆ ಪಂಕ್ ಕಂಡರೆ ಆಗುತ್ತಿರಲಿಲ್ಲ. 1977ರ ಸುಮಾರಿಗೆ ಲಂಡನ್ನಿನಲ್ಲಿ ಎಲ್ಲಿ ನೋಡಿದರೂ ಪಂಕೇ, ಇವರಿಗೂ ಕೂದಲು ಕತ್ತರಿಸಿ ಪಂಕ್ ನುಡಿಸಿ ಅಂತ ಬುದ್ಧಿ ಹೇಳಿದವರಿದ್ದರು. ಇವನಿಗೆ ಇಷ್ಟವಾದದ್ದು ಜೆಥ್ರೋ ಟಲ್, ವಿಷ್‌ಬೋನ್ ಆಶ್ ಥರದವರು, ಒಂದೇ ಹಾಡಿನಲ್ಲಿ ನಾಲ್ಕು ಸಲ ದಾರಿ ಬದಲಿಸುವವರು. ಅಂಥವನ ಬ್ಯಾಂಡಿಗೆ ಹಾಡಲು ಬಂದವನು ಪಾಲ್ ಡಿಯಾನೋ. ಗಿಡ್ಡ ಕೂದಲು, ಲೆದರ್ ಜಾಕೆಟ್ಟು, ಪಂಕ್ ಇಷ್ಟಪಡುವ ಪುಂಡ. ನಿಮ್ಮ ಹುಡುಗಿ ನೆನಪಾಗಲಿಲ್ವಾ?

ಆ ಆಲ್ಬಮ್ಮಿನ ‘ಫ್ಯಾಂಟಮ್ ಆಫ್ ದಿ ಆಪೆರಾ’ ಹಾಕಿ ಕೇಳು. ಏಳು ನಿಮಿಷ ದಾಟುವ ಹಾಡು. ಗಿಟಾರುಗಳು ಜೋಡಿಯಾಗಿ ಮೆಟ್ಟಿಲು ಹತ್ತಿ ಇಳಿಯುತ್ತವೆ, ನಡುವೆ ನಿಲ್ಲುತ್ತವೆ, ಬೇಸಿನಿಂದ ಮತ್ತೆ ಕಟ್ಟಿಕೊಂಡು ಬರುತ್ತವೆ. ಎಲ್ಲ ಲೆಕ್ಕಾಚಾರ. ಅದರ ಮೇಲೆ ಇವನು ಬೀದಿ ಜಗಳದಲ್ಲಿ ಕೂಗುವ ಹಾಗೆ ಹಾಡುತ್ತಾನೆ. ಗಂಟಲಿನಲ್ಲಿ ಮರಳು. ಇದೇ ಹಾಡನ್ನು ನಯವಾದ ದನಿ ಹಾಡಿದ್ದರೆ ನಾನು ಅರ್ಧಕ್ಕೆ ಎದ್ದು ಚಹಾಕ್ಕೆ ಹೋಗುತ್ತಿದ್ದೆ. ಅದೇ ಡಿಯಾನೋ ‘ರಿಮೆಂಬರ್ ಟುಮಾರೋ’ದಲ್ಲಿ ಮೆತ್ತಗೆ ಶುರು ಮಾಡುತ್ತಾನೆ. ಅದು ತನ್ನ ಅಜ್ಜನ ನೆನಪಿಗೆ ಅಂತ ಅವನೇ ಹೇಳಿದ್ದ. ನಿಮ್ಮ ಹುಡುಗಿಗೂ ಒಂದು ಮೆತ್ತನೆ ಹಾಡು ಕೊಟ್ಟು ನೋಡಿದ್ದೀರಾ?

ಇನ್ನು ಸೌಂಡಿನ ವಿಷಯ. 1980ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್‌ವೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಪ್ರೊಡ್ಯೂಸರ್ ವಿಲ್ ಮ್ಯಾಲೋನ್. ಅವನಿಗೆ ಆಸಕ್ತಿಯೇ ಇರಲಿಲ್ಲ, ಜಾಸ್ತಿ ಕೆಲಸ ನಾವೇ ಮಾಡಿಕೊಂಡೆವು ಅಂತ ಬ್ಯಾಂಡಿನವರು ಹೇಳುತ್ತಲೇ ಬಂದಿದ್ದಾರೆ. ಅವನಿಗೂ ಮುಂಚೆ ಆಂಡಿ ಸ್ಕಾಟ್ ಅನ್ನುವವನನ್ನು ಕರೆದಿದ್ದರು. ಬೆರಳಲ್ಲಿ ಬೇಡ, ತಂತಿ ಮೀಟುವ ಪಿಕ್ ಹಿಡಿದು ನುಡಿಸು ಅಂತ ಹ್ಯಾರಿಸ್‌ಗೆ ಹಟ ಮಾಡಿದ. ಅವನನ್ನೇ ಕಳಿಸಿಬಿಟ್ಟರು! ಪಿಕ್ ವಿಷಯಕ್ಕೆ ನಿನಗೂ ಯಾರೋ ಉಪದೇಶ ಮಾಡಿದ್ದರಲ್ಲ, ಅದಕ್ಕೇ ಹೇಳಿದೆ. ಕೊನೆಗೆ ಬಂದ ಸೌಂಡು ಹ್ಯಾರಿಸ್‌ಗೆ ಇವತ್ತಿಗೂ ಸಮಾಧಾನವಿಲ್ಲ. ಆದರೂ ಇಂಗ್ಲೆಂಡಿನ ಪಟ್ಟಿಯಲ್ಲಿ ಆ ಆಲ್ಬಮ್ 4ನೇ ಜಾಗಕ್ಕೆ ಹೋಯಿತು. ನನ್ನ ಕಿವಿಗಂತೂ ಆ ಒರಟೇ ಇಷ್ಟ. ಸಾಣೆ ಹಿಡಿಯದ ಕತ್ತಿಯ ಹಾಗೆ ಕೊಯ್ಯುವುದಕ್ಕಿಂತ ಪರಚುವುದೇ ಜಾಸ್ತಿ.

ಅರ್ಧ ಕತೆ ಹೇಳಿ ನಿನ್ನನ್ನು ಒಪ್ಪಿಸುವುದು ಸರಿಯಲ್ಲ. 1981ರಲ್ಲಿ ಡಿಯಾನೋನನ್ನು ಬ್ಯಾಂಡಿನಿಂದ ತೆಗೆದರು. ಅವನ ಚಟಗಳು ಕೈಮೀರಿದ್ದವು. ಬ್ರೂಸ್ ಡಿಕಿನ್ಸನ್ ಬಂದ, 1982ರ ಆಲ್ಬಮ್ ಮೊದಲ ಸ್ಥಾನಕ್ಕೇರಿತು, ಆಮೇಲೆ ಇಡೀ ಜಗತ್ತು. ನಿಮ್ಮ ಗಿಟಾರಿನವನು ಇದನ್ನೇ ಎತ್ತಿ ನಿನ್ನ ಮುಂದೆ ಇಡುತ್ತಾನೆ, ಇಡಲಿ. ಆದರೆ ಡಿಯಾನೋನನ್ನು ಕಳಿಸಿದ್ದು ದನಿ ಹೊಂದಲಿಲ್ಲ ಅಂತ ಅಲ್ಲ. ಆ ದನಿಯಲ್ಲಿ ಎರಡು ಆಲ್ಬಮ್ ಮಾಡಿದ ಮೇಲೆ ಕಳಿಸಿದ್ದು. ನೀವು ಇನ್ನೂ ಒಂದೂ ಮಾಡಿಲ್ಲ. ಡಿಯಾನೋ ಕೊನೆಗಾಲದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹಾಡುತ್ತಿದ್ದ. 2022ರಲ್ಲಿ ಕ್ರೊಯೇಷಿಯಾದಲ್ಲಿ ಹ್ಯಾರಿಸ್ ಹೋಗಿ ಅವನನ್ನು ಭೇಟಿಯಾದ. 2024ರ ಅಕ್ಟೋಬರಿನಲ್ಲಿ ಡಿಯಾನೋ ತೀರಿಕೊಂಡ, 66 ವರ್ಷ. ಆವತ್ತು ನಿನಗೆ ಫೋನ್ ಮಾಡಿ, ಏನೂ ಇಲ್ಲ ಸುಮ್ನೆ ಮಾಡಿದೆ ಅಂದಿದ್ದೆ.

ಇನ್ನೊಂದು ಗುಟ್ಟು. 2007ರ ಮಾರ್ಚ್ 17ರಂದು ನಾನು ಸ್ನೇಹಿತನ ಮಗಳ ಮದುವೆಗೆ ಬೆಂಗಳೂರಿಗೆ ಹೋಗಿರಲಿಲ್ಲ. ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿದ್ದೆ. ಮೇಡನ್ ಇಂಡಿಯಾಕ್ಕೆ ಮೊದಲ ಸಲ ಬಂದದ್ದು. ಮೂಗು ಬಾಯಿ ತುಂಬ ಕೆಂಪು ಧೂಳು. ನನ್ನ ಸುತ್ತ ಇದ್ದವರೆಲ್ಲ ನಿನ್ನ ಈಗಿನ ವಯಸ್ಸಿನವರು, ಒಬ್ಬ ನನಗೆ ‘ಅಂಕಲ್, ಕೂತ್ಕೊಳ್ಳಿ’ ಅಂದ. ಮೇಡನ್‌ಗೂ ಮುಂಚೆ ಹಾಡಿದವಳು ಲಾರೆನ್ ಹ್ಯಾರಿಸ್, ಸ್ಟೀವ್‌ನ ಮಗಳು. ಜನ ಮೇಡನ್ ಮೇಡನ್ ಅಂತ ಕೂಗುತ್ತಿದ್ದರು, ಅವಳು ತನ್ನ ಪಾಡಿಗೆ ಹಾಡಿದಳು. ಆಗ ನೀನು ಐದು ವರ್ಷದವಳು, ಅಡುಗೆಮನೆಯ ಡಬ್ಬ ಬಡಿಯುತ್ತಿದ್ದೆ. ಆಮೇಲೆ ಇವರು ಮೊದಲ ಆಲ್ಬಮ್ಮಿನ ಕೊನೆ ಹಾಡು, ಬ್ಯಾಂಡಿನ ಹೆಸರಿನದೇ, ನುಡಿಸಿದರು. ಬ್ರೂಸ್ ಚೆನ್ನಾಗೇ ಹಾಡಿದ. ನನ್ನ ತಲೆಯೊಳಗೆ ಮಾತ್ರ ಡಿಯಾನೋನೇ ಕೂಗುತ್ತಿದ್ದ. ಅಮ್ಮನಿಗೆ ಹೇಳಬೇಡ.

ನಾಳೆ ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ ಪಾರ್ಸೆಲ್ ಕಳಿಸುತ್ತಿದ್ದೇನೆ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ತಗೋ. ಮೇಲೆ ಅಮ್ಮನ ಕೋಡುಬಳೆ, ಅಡಿಯಲ್ಲಿ ನನ್ನ ವಾಕ್‌ಮನ್, ಆ ಕ್ಯಾಸೆಟ್ಟು, ಒಂದು ಪೆನ್ಸಿಲ್. ಎಣ್ಣೆ ಕೈಯಲ್ಲಿ ಮುಟ್ಟಬೇಡ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತು. ನಿಮ್ಮ ಹುಡುಗಿಯನ್ನೂ ಕೂರಿಸಿಕೊಂಡು ಕೇಳು. ಎಲ್‌ಪಿಯ ಒಂದು ಬದಿ ಸುಮಾರು ಇಪ್ಪತ್ತು ನಿಮಿಷ, ಕ್ಯಾಸೆಟ್ಟಿನ ಒಂದು ಬದಿ ಮೂವತ್ತು. ಹತ್ತು ನಿಮಿಷದ ಟೇಪು ಖಾಲಿ ಬಿಡಲು ನನಗೆ ಮನಸ್ಸು ಬರಲಿಲ್ಲ. ಫ್ಯಾಂಟಮ್ ಮುಗಿದ ತಕ್ಷಣ ಹಾರ್ಮೋನಿಯಂ ಕೇಳಿಸುತ್ತದೆ, ಮೈಸೂರು ಅನಂತಸ್ವಾಮಿಯವರ ಭಾವಗೀತೆ. ಟೇಪು ಕೆಟ್ಟಿದೆ ಅಂತ ನಿಲ್ಲಿಸಬೇಡ.

ನಿನ್ನ
ಅಪ್ಪ