ಗಜಕರ್ಣಕ್ಕೆ ಆ ಕ್ಯಾಪ್ಸೂಲ್ ಏಕೆ?

ಸಾಗರ

ಚಿ. ರಘುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಸೊಂಟದ ಸುತ್ತ ಗಜಕರ್ಣ ಎದ್ದಿದೆ, ಗೆಳೆಯನ ಬಳಿ ಉಳಿದಿದ್ದ ಅಮಾಕ್ಸಿಸಿಲಿನ್ ಐದು ದಿನ ನುಂಗಿದರೂ ಜಗ್ಗಿಲ್ಲ ಎಂದು ಬರೆದಿದ್ದೀಯ. ಹೇಗೆ ಜಗ್ಗೀತು? ಗಜಕರ್ಣ ಬರುವುದು ಶಿಲೀಂಧ್ರದಿಂದ. ನೀನು ನುಂಗಿದ್ದು ಬ್ಯಾಕ್ಟೀರಿಯಾದ ಮದ್ದು.

ಪಾಠ ಮಾಡುತ್ತಿದ್ದ ಕಾಲದಲ್ಲಿ ಸೂಕ್ಷ್ಮದರ್ಶಕದಡಿ ಒಮ್ಮೆ ಮಜ್ಜಿಗೆಯ ಹನಿ, ಒಮ್ಮೆ ಸಕ್ಕರೆ ನೀರಿನಲ್ಲಿ ನೆನೆದ ಬೇಕರಿ ಯೀಸ್ಟ್ ಇಟ್ಟು ಮಕ್ಕಳಿಗೆ ತೋರಿಸುತ್ತಿದ್ದೆ. ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾ, ಸಣ್ಣ ಕಡ್ಡಿ ಮತ್ತು ಮಣಿಸರ. ಯೀಸ್ಟ್ ಶಿಲೀಂಧ್ರ, ಅದಕ್ಕಿಂತ ಎಷ್ಟೋ ದಪ್ಪ, ಮೊಟ್ಟೆಯಾಕಾರ, ಮಗ್ಗುಲಲ್ಲಿ ಮರಿಮೊಗ್ಗು. ಒಳಗಿನ ಗುಂಡನೆಯ ಗುಳ್ಳೆ ಕಂಡು "ನ್ಯೂಕ್ಲಿಯಸ್ ಸಾರ್!" ಎಂದು ಯಾರೂ ಕೂಗದ ವರ್ಷವೇ ಇರಲಿಲ್ಲ. ಅದು ರಸದಾನಿ, ಕೋಶದೊಳಗಿನ ರಸದ ಚೀಲ. ನ್ಯೂಕ್ಲಿಯಸ್ ಇದೆ, ಆದರೆ ಬಣ್ಣ ಹಾಕದೆ ಕಾಣಿಸಿಕೊಳ್ಳದು. ಬ್ಯಾಕ್ಟೀರಿಯಾಕ್ಕೆ ಅದು ಇಲ್ಲವೇ ಇಲ್ಲ; ಅದರ ಡಿಎನ್‌ಎ ಪೊರೆಯ ಹಂಗಿಲ್ಲದೆ ಕೋಶರಸದಲ್ಲೇ ಮುದುಡಿಕೊಂಡಿರುತ್ತದೆ.

ನಿನ್ನ ಕ್ಯಾಪ್ಸೂಲ್ ಸೋತದ್ದು ಮಾತ್ರ ಗೋಡೆಯ ವಿಷಯದಲ್ಲಿ. ಬ್ಯಾಕ್ಟೀರಿಯಾದ ಕೋಶಭಿತ್ತಿ ಪೆಪ್ಟಿಡೊಗ್ಲೈಕಾನಿನದು. ಅಮಾಕ್ಸಿಸಿಲಿನ್‌ನಂತಹ ಪೆನಿಸಿಲಿನ್ ವಂಶದ ಮದ್ದು ಆ ಗೋಡೆ ಕಟ್ಟುವುದನ್ನೇ ತಡೆಯುತ್ತದೆ. ಶಿಲೀಂಧ್ರದ ಗೋಡೆ ಕೈಟಿನ್ ಮತ್ತು ಗ್ಲೂಕಾನ್‌ನದು, ಅಲ್ಲಿ ಅದಕ್ಕೇನು ಕೆಲಸ? 1928ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಬೂಷ್ಟೆಂಬ ಶಿಲೀಂಧ್ರದ ಸ್ವಂತ ಆಯುಧ. ತನ್ನನ್ನೇ ಕೊಲ್ಲುವ ಆಯುಧವನ್ನು ಬೂಷ್ಟು ಮಾಡಿಕೊಳ್ಳುತ್ತದೆಯೇ?

ಇನ್ನು ಒಳಗೆ ನೋಡಿದರೆ ಶಿಲೀಂಧ್ರ ನಮಗೇ ಹತ್ತಿರದ ನೆಂಟ: ನ್ಯೂಕ್ಲಿಯಸ್, ಮೈಟೊಕಾಂಡ್ರಿಯ, ಎಲ್ಲವೂ ನಮ್ಮ ಕೋಶದಂತೆ. ನಮ್ಮನ್ನು ಬಿಟ್ಟು ಅದನ್ನಷ್ಟೇ ಹೊಡೆಯುವ ಜಾಗ ಕಡಿಮೆ. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇರುವ ಕಡೆ ಅದಕ್ಕೆ ಅರ್ಗೊಸ್ಟೆರಾಲ್ ಇದೆ. ಟರ್ಬಿನಾಫಿನ್, ಇಟ್ರಕೊನಜೋಲ್ ಎಂಬ ಶಿಲೀಂಧ್ರದ ಮದ್ದುಗಳು ಅದರ ತಯಾರಿಯನ್ನೇ ಕೆಡಿಸುತ್ತವೆ. ವಾರಗಟ್ಟಲೆ ತೆಗೆದುಕೊಳ್ಳಬೇಕು, ಚರ್ಮದ ವೈದ್ಯರನ್ನು ಕೇಳಿಯೇ.

ನಮ್ಮ ತೋಟದ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯನ್ನೂ ಬಹಳ ಕಾಲ ಶಿಲೀಂಧ್ರವೆಂದೇ ಎಣಿಸಿದ್ದರು. ಅದರ ಗೋಡೆಯಲ್ಲಿ ಇರುವುದು ಸೆಲ್ಯುಲೋಸ್. ಈಗ ಅದನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಕೊಳೆಗೆ ನಾವು ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ಮಾತ್ರ ಕುಲಗೋತ್ರದ ಚಿಂತೆಯಿಲ್ಲ.

ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮನ್ನು ಮುಟ್ಟಬೇಡ. ಎರಡು ದಿನದಲ್ಲಿ ಕೆಂಪು, ತುರಿಕೆ ಇಳಿಯುತ್ತದೆ, ಹುಡುಗ ಗೆದ್ದೆನೆಂದುಕೊಳ್ಳುತ್ತಾನೆ, ಅಡಿಯಲ್ಲಿ ಶಿಲೀಂಧ್ರ ಹರಡುತ್ತಲೇ ಇರುತ್ತದೆ. ತುರಿಕೆ ನಿಂತ ದಿನವೇ ಮದ್ದನ್ನೂ ನಿಲ್ಲಿಸಬೇಡ. ಒದ್ದೆ ಜೀನ್ಸ್ ಹಾಕಿಕೊಂಡು ತರಗತಿಗೆ ಹೋಗುವುದನ್ನೂ, ಗೆಳೆಯನ ಟವೆಲ್ ಎಳೆದುಕೊಳ್ಳುವುದನ್ನೂ ಬಿಡು. ದೊಡ್ಡಮ್ಮ ನಿನಗೆಂದೇ ಎರಡು ಹೊಸ ಟವೆಲ್ ಕಳಿಸುತ್ತಿದ್ದಾಳೆ, ಜೊತೆಗೆ ಚಕ್ಕುಲಿಯೂ ಇದೆ. ಚಕ್ಕುಲಿಯನ್ನು ಹಂಚಿಕೊಳ್ಳಬಹುದು.

ಇಂತು,
ನಿನ್ನ ದೊಡ್ಡಪ್ಪ